ಗಟ್ಟಿ ಮೂಗಿನವಳು

ಜೂನ್ ೩

ಮರಿ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ಇಲ್ಲದಿದ್ದರೆ ಬೈದು ಬರೆ. ಫೋನ್ ಮಾಡಬಹುದಿತ್ತು, ಆದರೆ ಕೆಲಸದ ಹೊತ್ತಿನಲ್ಲಿ ನಮ್ಮ ಫೋನುಗಳೆಲ್ಲ ಹೋಟೆಲಿನ ಗೇಟಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ, ಆಮೇಲೆ ಈ ನೆಲಮಾಳಿಗೆಯ ಕ್ವಾರ್ಟರ್ಸಿನಲ್ಲಿ ಸಿಗ್ನಲ್ ಇರುವುದಿಲ್ಲ. ಸಿಕ್ಕಿದರೂ ನೀನು ಅರ್ಧ ಕೇಳಿ "ಹೂಂ ಅಕ್ಕ, ಹೂಂ ಅಕ್ಕ" ಅನ್ನುವವನು. ಕಾಗದವಾದರೆ ಪೂರ್ತಿ ಓದಲೇಬೇಕು.

ಇಂಗ್ಲಿಷ್ ಮೇಷ್ಟ್ರೇ, ಒಂದು ಪದದ ಅರ್ಥ ಬೇಕಾಗಿತ್ತು. ಹೋದ ವಾರ ಮೇಲಿನ ರೂಮಿನ ಗೆಸ್ಟ್ ಒಬ್ಬರು ನಮ್ಮ ಬಟ್ಟೆ ಕೋಣೆಗೇ ಇಳಿದು ಬಂದರು. ಅವರ ಬಿಳಿ ಶರ್ಟು ಕಳೆದುಹೋಗಿದೆ, ರೂಮು ಗುಡಿಸುವ ಹುಡುಗಿಯೇ ಕದ್ದಿದ್ದಾಳೆ, ಅವಳನ್ನು ಈಗಲೇ ಓಡಿಸಿ ಎಂದು ಕೂಗಾಟ. ಬಾಗಿಲಿಗೆ ಹತ್ತಿರ ಇರುವುದು ನನ್ನ ಹೊಲಿಗೆ ಮೇಜು, ಹಾಗಾಗಿ ಎದುರಿಗೆ ಸಿಕ್ಕವಳು ನಾನು. "ಶರ್ಟು ನಮಗೆ ಬಂದೇ ಇಲ್ಲ ಸಾರ್. ನಿಮ್ಮ ಸೂಟ್‌ಕೇಸ್ ನೋಡ್ಕೊಳ್ಳಿ" ಎಂದೆ. ಅವರು ನನ್ನ ಮುಖಕ್ಕೆ ಮುಖ ತಂದು ಕೂಗಿದರು. ನಾನು ಅಲುಗಾಡಲಿಲ್ಲ. ಎರಡೂ ಕೈ ಮೇಜಿನ ಕೆಳಗಿದ್ದವು. ಕೊನೆಗೆ ಶರ್ಟು ಅವರ ಸೂಟ್‌ಕೇಸಿನಲ್ಲೇ ಸಿಕ್ಕಿತು.

ನಮ್ಮ ಮ್ಯಾನೇಜರ್ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದಾರೆ. ಮಾರನೆಯ ದಿನ ಎಲ್ಲರನ್ನೂ ಸೇರಿಸಿ, ನನ್ನನ್ನು ಮುಂದೆ ಕರೆದು, ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ಕೇಳಿಸಿದ್ದು "ಹಾರ್ಡ್-ನೋಸ್ಡ್". ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೂಗು ಮುಟ್ಟಿ ನೋಡಿಕೊಂಡೆ!

ಪಕ್ಕದ ಮೇಜಿನ ಸೂಜಿ (ಅವಳ ನಿಜವಾದ ಹೆಸರು ಅವಳಿಗೇ ಮರೆತಿರಬೇಕು, ಅಷ್ಟು ಸಣಕಲಿ, ಅಷ್ಟು ಚುಚ್ಚು ಮಾತು) "ಬಿಡೇ, ನಿನ್ನ ಮೂಗು ಗಟ್ಟಿ ಅಂತೆ. ಇನ್ಮೇಲೆ ನೆಗಡಿ ಬರಲ್ಲ" ಎಂದಳು. ಹರಿದ ಚಾದರಕ್ಕೆ ಗೊತ್ತಾಗದ ಹಾಗೆ ರಫು ಮಾಡುವುದನ್ನು ನನಗೆ ಕಲಿಸಿದವಳೇ ಅವಳು, ಹಾಗಾಗಿ ಏನಂದರೂ ಕ್ಷಮಿಸುತ್ತೇನೆ. ಆದರೆ ಅರ್ಥ ಮಾತ್ರ ನೀನೇ ಹೇಳಬೇಕು.

ನಿನ್ನ ಅಕ್ಕ

ಜೂನ್ ೧೪

ಅಕ್ಕಾ!

ನಿನ್ನ ಕಾಗದ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕೆ. ಮೂಗಿಗೂ ಅದಕ್ಕೂ ಸಂಬಂಧವಿಲ್ಲ. ಅದು ಹೊಗಳಿಕೆ, ಸಣ್ಣಪುಟ್ಟ ಹೊಗಳಿಕೆಯಲ್ಲ. ಕಣ್ಣೀರಿಗೆ ಕರಗದ, ಬಣ್ಣದ ಮಾತಿಗೆ ಮರುಳಾಗದ, ಇದ್ದದ್ದನ್ನು ಇದ್ದ ಹಾಗೆ ನೋಡಿ ಕೆಲಸ ಮುಗಿಸುವವರಿಗೆ ದಿನನಿತ್ಯದ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರೆ. ನಾವು ಖಡಕ್ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಆದರೆ ಬರೀ ಗದರಿಸಿಯೂ ಒಬ್ಬ ಖಡಕ್ ಆಗಬಹುದು. ಇದು ತಲೆ ತಣ್ಣಗಿಟ್ಟುಕೊಂಡವರ ಖಡಕ್ಕು. ವ್ಯಾಪಾರಿಗಳಿಗೆ, ಪೊಲೀಸರಿಗೆ, ವರದಿಗಾರರಿಗೆ ಹೇಳುವುದುಂಟು. ಹೊಲಿಗೆ ಮೇಜಿನ ಹೆಂಗಸಿಗೆ ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಸಂಜೆಯ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ನನ್ನ ಅಕ್ಕನ ಕಥೆ ಹೇಳಿ, ಎಲ್ಲರೂ ಒಂದೊಂದು ವಾಕ್ಯ ಮಾಡಿ ಎಂದೆ. ಕ್ಷೌರದಂಗಡಿಯವರು ಎದ್ದು ತಮ್ಮ ಅತ್ತೆಯ ಮೇಲೆ ವಾಕ್ಯ ಮಾಡಿದರು, ಕ್ಲಾಸೆಲ್ಲ ಗೊಳ್ಳೆಂದಿತು. ಹಿಂದಿನ ಬೆಂಚಿನ ನರ್ಸಮ್ಮ ಮಾತ್ರ "ಅಂಥವ್ರು ಮನೆಗೆ ಹೋದ್ಮೇಲೆ ಏನ್ ಮಾಡ್ತಾರೆ ಸಾರ್?" ಎಂದರು. ಅದು ಸಿಲಬಸ್ಸಿನಲ್ಲಿಲ್ಲ ಎಂದು ಕೂರಿಸಿದೆ.

ನನಗೆ ಆಶ್ಚರ್ಯವೇನೂ ಆಗಲಿಲ್ಲ ಅಕ್ಕ. ಅಪ್ಪ ಬೆಲ್ಟು ಹಿಡಿದು ಬಾಗಿಲಲ್ಲಿ ನಿಂತಾಗ ನನ್ನ ಮುಂದೆ ಬಂದು ನಿಲ್ಲುತ್ತಿದ್ದವಳು ನೀನು. ನಾನು ನಿನ್ನ ಜಡೆಯಲ್ಲಿ ಮುಖ ಹುದುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನೀನು ಒಂದು ಮಾತೂ ಆಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪನ ಚಪ್ಪಲಿ ಸದ್ದು ವಾಪಸ್ ಹೋಗುವುದು ಕೇಳಿಸುತ್ತಿತ್ತು. ನೀನು ಏನೂ ಆಗದ ಹಾಗೆ ನನ್ನನ್ನು ಆಚೆ ಕಳಿಸಿ ನೆಲ ಒರೆಸಲು ಕೂರುತ್ತಿದ್ದೆ. ಎಂಥ ಧೈರ್ಯ! ಆ ಪದ ಆಗ ನನಗೆ ಗೊತ್ತಿರಲಿಲ್ಲ, ಅಷ್ಟೇ.

ನಾನು ಇಲ್ಲಿ ಆರಾಮ. ಇನ್‌ಸ್ಟಿಟ್ಯೂಟಿನ ಯಜಮಾನರು ಬಹಳ ಒಳ್ಳೆಯವರು.

ನಿನ್ನ ತಮ್ಮ

ಜುಲೈ ೨

ಮರಿ,

ನಿನ್ನ ಪದ ನನಗೆ ಬಡ್ತಿ ಕೊಡಿಸಿತು. ಈಗ ನಾನು ಸ್ಟಾಫ್ ಗೇಟಿನ ಮೇಲ್ವಿಚಾರಕಿ. ಕೆಲಸ ಮುಗಿಸಿ ಹೊರಗೆ ಹೋಗುವ ಹೆಂಗಸರೆಲ್ಲ ನನ್ನ ಮೇಜಿನ ಮೇಲೆ ಚೀಲ ಬಿಚ್ಚಿ ತೋರಿಸಬೇಕು. ಸೋಪು, ಟವೆಲ್, ಚಮಚ ಏನಾದರೂ ಹೊರಗೆ ಹೋಗುತ್ತಿದೆಯೇ ಎಂದು ನಾನು ನೋಡಬೇಕು. ಊಟದ ಡಬ್ಬಿಯನ್ನೂ ತೆಗೆಸಬೇಕು. ಸೊಂಟಕ್ಕೆ ಕೀಲಿ ಗೊಂಚಲು ಬಂದಿದೆ, ನಡೆದರೆ ಸದ್ದು ಮಾಡುತ್ತದೆ. ನಾನು ಬರುವ ಮೊದಲೇ ಎಲ್ಲರಿಗೂ ಗೊತ್ತಾಗುತ್ತದೆ.

ಎಂಟು ಜನ ಮಲಗುವ ಹಾಲ್‌ನಿಂದ ನನ್ನನ್ನು ಎಬ್ಬಿಸಿ ಗೇಟಿನ ಪಕ್ಕದ ಒಂಟಿ ಕೋಣೆಗೆ ಹಾಕಿದ್ದಾರೆ. ಕಿಟಕಿ ಇದೆ, ಲಿಫ್ಟಿನ ಗೋಡೆಗೆ ತೆರೆದುಕೊಳ್ಳುತ್ತದೆ. ಎಲ್ಲರೂ ನನ್ನ ಬಾಗಿಲ ಮುಂದೆಯೇ ಹೋಗುತ್ತಾರೆ. ಮೊದಲು ಟೀ ಹೊತ್ತಿಗೆ ಸೂಜಿ ನನ್ನ ಲೋಟವನ್ನೂ ತುಂಬಿಸಿ ಇಟ್ಟಿರುತ್ತಿದ್ದಳು. ಈಗ ಮೇಲ್ವಿಚಾರಕರ ಟೀ ಬೇರೆ ಟ್ರೇಯಲ್ಲಿ ಬರುತ್ತದೆ, ಬಿಸ್ಕೆಟ್ ಸಮೇತ. ಒಳ್ಳೆಯ ಬಿಸ್ಕೆಟ್ಟು.

ಒಂದು ವಿಷಯ ಕೇಳಬೇಕಿತ್ತು. ಆ ಪದಕ್ಕೆ ವಿರುದ್ಧ ಪದ ಯಾವುದು? ಸುಮ್ಮನೆ ಕೇಳಿದೆ. ಒಮ್ಮೆ ಯಾರಿಗಾದರೂ ಆ ಪದ ಹೇಳಿದ ಮೇಲೆ ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಂಗ್ಲಿಷಿನಲ್ಲಿ ಇದೆಯೇ?

ಅಕ್ಕ

ಜುಲೈ ೧೯

ಅಕ್ಕ,

ಮೇಲ್ವಿಚಾರಕಿ! ಕ್ಲಾಸಿನಲ್ಲಿ ಹೇಳಿದೆ, ಚಪ್ಪಾಳೆ ಅಲ್ಲಿಯವರೆಗೂ ಕೇಳಿಸಿರಬೇಕು. ಕ್ಷೌರದಂಗಡಿಯವರಂತೂ ನಿನ್ನನ್ನು ನೋಡಲೇಬೇಕು ಅನ್ನುತ್ತಿದ್ದಾರೆ.

ವಿರುದ್ಧ ಪದ ಕೇಳಿದ್ದೀಯ. ಸಾಫ್ಟ್ ಎಂದರೆ ಸಾಕು. ಅದು ನನ್ನಂಥವರಿಗೆ, ನಿನಗೆ ಬೇಡ. ಇನ್ನು ವಾಪಸ್ ತೆಗೆದುಕೊಳ್ಳುವ ಮಾತು! ದೊಡ್ಡವರಾದವರಿಗೆಲ್ಲ ಮೊದಮೊದಲು ಸಂಕೋಚ ಇರುತ್ತದೆ, ಅಷ್ಟೇ. ಒಂಟಿ ಕೋಣೆ ಸಿಕ್ಕಿದ್ದು ಒಳ್ಳೆಯದಾಯಿತು. ಎಂಟು ಜನರ ಗೊರಕೆ ತಪ್ಪಿತು.

ನನಗೀಗ ಬೆಳಗಿನ ಕ್ಲಾಸನ್ನೂ ಕೊಟ್ಟಿದ್ದಾರೆ. ಜಾಗ ಇಲ್ಲದ್ದರಿಂದ ಸ್ಟೋರ್ ರೂಮಿನಲ್ಲಿ ಪಾಠ. ಗಾಳಿ ಕಡಿಮೆ, ಆದರೆ ಬೋರ್ಡು ಹೊಸದು.

ತಮ್ಮ

ಆಗಸ್ಟ್ ೧೧

ಮರಿ,

ಗೊರಕೆ ಇಲ್ಲದೆ ನನಗೆ ನಿದ್ದೆ ಬರುತ್ತಿಲ್ಲ. ಅದಿರಲಿ.

ಇಲ್ಲಿ ಒಂದು ಹಳೇ ರೂಢಿಯಿದೆ. ರಫು ಮಾಡಿದರೂ ನಿಲ್ಲದಷ್ಟು ಹರಿದ ಬಟ್ಟೆಗೆ ಒಂದು ಮೂಲೆ ಕತ್ತರಿಸುತ್ತೇವೆ. ಮೂಲೆ ಹೋದ ಬಟ್ಟೆ ಮತ್ತೆ ರೂಮಿಗೆ ಹೋಗುವಂತಿಲ್ಲ. ಅದನ್ನು ಹೊಲಿಗೆ ಮೇಜಿನವರು ಮನೆಗೆ ಒಯ್ಯುತ್ತಾರೆ, ಒರೆಸಲು, ಮಕ್ಕಳಿಗೆ ಹಾಸಲು. ಯಾರೂ ಅನುಮತಿ ಕೊಟ್ಟಿದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ. ನಾನೂ ಒಯ್ದಿದ್ದೇನೆ. ನಿನ್ನ ದಿಂಬಿನ ಕವರು ಎಲ್ಲಿಯದು ಅಂದುಕೊಂಡೆ?

ಹೋದ ವಾರ ಮ್ಯಾನೇಜರ್ ಹೊಸ ನಿಯಮ ಮಾಡಿದರು. ಮೂಲೆ ಇರಲಿ ಬಿಡಲಿ, ಹೋಟೆಲಿನ ನೂಲೂ ಹೊರಗೆ ಹೋಗಕೂಡದು. ಮೊದಲ ದಿನ ನನ್ನ ಪಕ್ಕದಲ್ಲೇ ನಿಂತರು. ಸಾಲಿನಲ್ಲಿ ಸೂಜಿ ಬಂದಳು, ನಗುತ್ತಾ ಚೀಲ ಬಿಚ್ಚಿದಳು. ಒಳಗೆ ಮೂಲೆ ಕತ್ತರಿಸಿದ ಒಂದು ದಿಂಬಿನ ಕವರು. ಅವಳಿಗೆ ನಿಯಮ ಗೊತ್ತಿತ್ತು. ಗೇಟಿನಲ್ಲಿ ಇರುವವಳು ನಾನಲ್ಲವೇ ಎಂದು ತಂದಿದ್ದಳು.

ನಾನು ಏನಾದರೂ ಹೇಳಬೇಕಿತ್ತು. ಹೋಗಲಿ ಬಿಡಿ ಸಾರ್, ಇದು ಚಿಂದಿ, ಅಂತ. ಬಾಯಿ ಬರಲಿಲ್ಲ ಮರಿ. ಮುಖ ಗಟ್ಟಿಯಾಗಿಬಿಟ್ಟಿತು. ಬಾಯಿಂದ ಬಂದದ್ದು "ಮೇಜಿನ ಮೇಲೆ ಇಡು" ಎಂಬುದೊಂದೇ. ಸೂಜಿ ನನ್ನ ಮುಖವನ್ನೇ ನೋಡಿದಳು, ಇಟ್ಟಳು. ಅವಳಿಗೆ ಸದ್ಯಕ್ಕೆ ಬರಬೇಡ ಎಂದಿದ್ದಾರೆ. ಮ್ಯಾನೇಜರ್ ನನ್ನ ಕಡೆ ತಿರುಗಿ ಮತ್ತೆ ಅದೇ ಪದ ಹೇಳಿದರು.

ನೀನು ನನಗೊಂದು ಉಪಕಾರ ಮಾಡಬೇಕು. ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡು. ನನಗೆ ಗೇಟು ಬೇಡ, ಹೊಲಿಗೆ ಮೇಜಿಗೆ ವಾಪಸ್ ಕಳಿಸಿ, ಸೂಜಿಯನ್ನು ಕರೆಸಿಕೊಳ್ಳಿ, ಇಷ್ಟೇ. ಎದುರಿಗೆ ಹೋದರೆ ನನ್ನಿಂದ ಆಗುವುದಿಲ್ಲ. ಬೇಡಿಕೊಳ್ಳುವ ಹಾಗೆ ಬರೆ. ಕೈಮುಗಿದು ಕೇಳಿದ ಹಾಗಿರಲಿ. ಇದನ್ನು ಮರೆಯಬೇಡ.

ಅಕ್ಕ

ಆಗಸ್ಟ್ ೨೪

ಅಕ್ಕ,

ಕಾಗದ ಲಗತ್ತಿಸಿದ್ದೇನೆ. ಸಹಿ ಹಾಕಿ ಕೊಟ್ಟುಬಿಡು.

ಮೊದಲು ನೀನು ಹೇಳಿದ ಹಾಗೆಯೇ ಬೇಡಿಕೊಂಡು ಬರೆದೆ. ಓದಿದರೆ ಅದು ನಾನು ಬರೆದ ಹಾಗಿತ್ತು, ನಿನ್ನ ಹಾಗಿರಲಿಲ್ಲ. ಹರಿದುಹಾಕಿದೆ. ನನ್ನ ಅಕ್ಕ ಯಾರ ಮುಂದೆ ಕೈಮುಗಿದಿದ್ದಾಳೆ? ಆಮೇಲೆ ಬರೆದದ್ದು ಇದು. ಸಣ್ಣ ಸಣ್ಣ ವಾಕ್ಯ. ದಯವಿಟ್ಟು ಎಂಬುದು ಎಲ್ಲೂ ಇಲ್ಲ. ಸಾರಾಂಶ ಇಷ್ಟು: ಚಿಂದಿ ಬಟ್ಟೆಗಾಗಿ ನುರಿತ ಕೈಯನ್ನು ಕಳೆದುಕೊಳ್ಳುವುದು ದಡ್ಡತನ. ಆಕೆಯನ್ನು ವಾಪಸ್ ಕರೆಯಿರಿ. ನಾನು ಸೂಜಿ ದಾರ ಹಿಡಿದರೆ ನಿಮಗೆ ಲಾಭ, ಚೀಲ ಹಿಡಿದರೆ ನಷ್ಟ. ಸೋಮವಾರದಿಂದ ನಾನು ಹೊಲಿಗೆ ಮೇಜಿನಲ್ಲಿರುತ್ತೇನೆ.

ಕ್ಲಾಸಿನಲ್ಲಿ ಮಾದರಿ ಪತ್ರ ಎಂದು ಓದಿಸಿದೆ. ಎಲ್ಲರೂ ನೆಟ್ಟಗೆ ಕೂತು ಕೇಳಿದರು. ಇದನ್ನು ಓದಿದ ಮೇಲೆ ನಿನ್ನ ಮ್ಯಾನೇಜರ್ ಬಾಯಿ ತೆರೆದರೆ ನನ್ನ ಕಿವಿ ಹಿಂಡು.

ತಮ್ಮ

ಸೆಪ್ಟೆಂಬರ್ ೯

ಮರಿ,

ಕಾಗದ ಕೊಟ್ಟೆ. ಮ್ಯಾನೇಜರ್ ನಿಂತುಕೊಂಡೇ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಅರಳಿತು. ಅಕೌಂಟ್ಸಿನವರನ್ನು ಕರೆದು ಜೋರಾಗಿ ಓದಿ ಹೇಳಿದರು. "ನೋಡ್ರೀ, ಹೀಗೆ ಮುಖಕ್ಕೆ ಹೊಡೆದ ಹಾಗೆ ಬರೆಯೋರು ನಮ್ಮಲ್ಲಿ ಯಾರಿದಾರೆ? ಇವ್ರನ್ನ ಸೂಜಿ ದಾರದ ಜೊತೆ ಕೂರಿಸ್ಲಾ ನಾನು?" ಎಂದರು. ಅಡುಗೆಮನೆಯ ಗೇಟನ್ನೂ ನನಗೇ ವಹಿಸಿದ್ದಾರೆ.

ಸೂಜಿಯನ್ನು ಕೆಲಸದಿಂದ ತೆಗೆದ ಆರ್ಡರನ್ನು ನನ್ನ ಕೈಯಲ್ಲೇ ಅವಳ ಮನೆಗೆ ಕಳಿಸಿದರು. ಇಂಥ ಕೆಲಸ ನಾನಾದರೆ ಅಳುಮೋರೆ ಇಲ್ಲದೆ ಮುಗಿಸುತ್ತೇನಂತೆ. ಕೊಟ್ಟು ಬಂದೆ.

ಇಂಗ್ಲಿಷ್ ಬಹಳ ಚೆನ್ನಾಗಿತ್ತಂತೆ.

ಅಕ್ಕ

ಸೆಪ್ಟೆಂಬರ್ ೨೦

ಅಕ್ಕ,

ಹೀಗಾಗುತ್ತದೆ ಅಂದುಕೊಂಡಿರಲಿಲ್ಲ. ಬೇಜಾರಾಯಿತು. ಆದರೆ ನಿನ್ನಂಥವಳು ಇದನ್ನೂ ನಿಭಾಯಿಸುತ್ತೀಯ, ನನಗೆ ಗೊತ್ತು.

ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಈಗ ಹೇಳುತ್ತೇನೆ. ನನ್ನ ಯಜಮಾನರು ಒಳ್ಳೆಯವರಲ್ಲ. ಸೇರುವಾಗ ನನ್ನ ಸರ್ಟಿಫಿಕೇಟುಗಳನ್ನೆಲ್ಲ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೇರೆ ಶಾಲೆಯಲ್ಲಿ ಕೆಲಸ ಇದೆ ಅಂದರೂ ಅವಿಲ್ಲದೆ ಹೋಗುವ ಹಾಗಿಲ್ಲ. ಕೇಳಲು ಹೋದರೆ ಅವರು ಕನ್ನಡಕದ ಮೇಲಿಂದ ನೋಡುತ್ತಾರೆ, ನಾನು "ಏನಿಲ್ಲ ಸಾರ್, ಸೀಮೆಸುಣ್ಣ ಮುಗಿದಿತ್ತು" ಎಂದು ಸೀಮೆಸುಣ್ಣ ತೆಗೆದುಕೊಂಡು ಬರುತ್ತೇನೆ. ನನ್ನ ಮೇಜಿನ ತುಂಬ ಈಗ ಸೀಮೆಸುಣ್ಣ.

ನೀನು ಒಂದು ದಿನ ರಜೆ ಹಾಕಿ ಬಾ. ಏನೂ ಮಾತಾಡಬೇಡ. ಅವರ ಮುಂದೆ ಹೋಗಿ, ಅಪ್ಪನ ಮುಂದೆ ನಿಲ್ಲುತ್ತಿದ್ದೆಯಲ್ಲ, ಹಾಗೆ ಒಂದು ಸಲ ನಿಂತುಬಿಡು. ನಾನು ಹಿಂದೆ ಇರುತ್ತೇನೆ.

ತಮ್ಮ

ಅಕ್ಟೋಬರ್ ೧೫

ಅಕ್ಕ,

ನನ್ನ ಹಿಂದಿನ ಕಾಗದ ಸಿಕ್ಕಿತೇ? ಇನ್ನೊಂದನ್ನೂ ಬರೆದಿದ್ದೆ. ಹೋಟೆಲಿನ ನಂಬರಿಗೆ ಫೋನ್ ಮಾಡಿದರೆ "ಮೇಡಂ ಗೇಟಿನಲ್ಲಿದಾರೆ, ಆಗಲ್ಲ" ಅನ್ನುತ್ತಾರೆ. ಬರಲಾಗದಿದ್ದರೆ ಬೇಡ, ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆ. ಸುಳ್ಳಾದರೂ ಪರವಾಗಿಲ್ಲ.

ತಮ್ಮ

ಅಕ್ಟೋಬರ್ ೨೮

ಮರಿ,

ಸುಳ್ಳು ಬರೆದು ಸಾಕಾಗಿದೆ.

ಅಪ್ಪನ ಮುಂದೆ ನಾನು ಹೇಗೆ ನಿಲ್ಲುತ್ತಿದ್ದೆ ಎಂದು ನಿನಗೆ ಗೊತ್ತಿಲ್ಲ. ನೀನು ಕಣ್ಣು ಮುಚ್ಚಿಕೊಂಡಿದ್ದೆ. ನನಗೆ ಭಯವಾದರೆ ಮುಖ ಕಲ್ಲಾಗುತ್ತದೆ, ನಾಲಿಗೆ ಒಣಗಿ ಅಂಟಿಕೊಳ್ಳುತ್ತದೆ. ಅಷ್ಟೇ ನನ್ನ ಧೈರ್ಯ. ನಿನ್ನನ್ನು ಆಚೆ ಕಳಿಸಿ ನಾನು ನೆಲ ಒರೆಸುತ್ತಿದ್ದೆನಲ್ಲ, ಏನು ಒರೆಸುತ್ತಿದ್ದೆ ಎಂದು ಒಂದು ದಿನವಾದರೂ ಯೋಚಿಸಿದೆಯಾ? ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದೆ. ಲಂಗವೆಲ್ಲ ಒದ್ದೆಯಾಗಿರುತ್ತಿತ್ತು. ಪ್ರತಿ ಸಲವೂ. ನೀನು ನೋಡಬಾರದೆಂದು "ನೀರು ಚೆಲ್ತು, ನೀನು ಹೋಗಿ ಆಡ್ಕೋ" ಅನ್ನುತ್ತಿದ್ದೆ.

ಆ ಗೆಸ್ಟ್ ಕೂಗಿದ ದಿನವೂ ಅಷ್ಟೇ, ಮೇಜಿನ ಕೆಳಗೆ ನನ್ನ ಕೈಗಳು ಗಡಗಡ ನಡುಗುತ್ತಿದ್ದವು. ಮ್ಯಾನೇಜರಿಗೆ ಕಂಡದ್ದು ಮುಖ. ಅವರು ಅದಕ್ಕೊಂದು ಪದ ಕೊಟ್ಟರು, ನೀನು ಅದಕ್ಕೆ ಅರ್ಥ ಕೊಟ್ಟೆ, ಕ್ಲಾಸಿನವರು ಚಪ್ಪಾಳೆ ಕೊಟ್ಟರು. ಈಗ ಎಲ್ಲರೂ ಸೇರಿ ನನ್ನನ್ನು ಅದರೊಳಗೆ ಕೂರಿಸಿ ಬಾಗಿಲು ಹಾಕಿದ್ದೀರಿ. ಒಳಗಿನಿಂದ ಎಷ್ಟು ಬಡಿದರೂ ಹೊರಗಿನವರಿಗೆ, ನೋಡಿ ಎಷ್ಟು ಗಟ್ಟಿಯಾಗಿ ಬಡಿಯುತ್ತಾಳೆ ಎಂದೇ ಕೇಳಿಸುತ್ತದೆ.

ಸೂಜಿಗೆ ಆರ್ಡರ್ ಕೊಡಲು ಹೋದಾಗ ಏನಾಯಿತೆಂದು ಬರೆದಿರಲಿಲ್ಲ. ಅವಳು ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎರಡೂ ಕೈಯಲ್ಲಿ ತೆಗೆದುಕೊಂಡು "ಥ್ಯಾಂಕ್ಯೂ ಮೇಡಂ" ಎಂದಳು. ಬಾಗಿಲು ಹಾಕಿಕೊಂಡಳು. ಅವಳ ಬಾಗಿಲ ಮುಂದೆಯೂ ನನಗೆ ಅಳಲು ಆಗಲಿಲ್ಲ.

ಬೇಡಿಕೊಳ್ಳುವ ಹಾಗೆ ಬರೆ ಎಂದಿದ್ದೆ. ಜೀವನದಲ್ಲಿ ಅದೊಂದನ್ನೇ ನಿನ್ನಿಂದ ಕೇಳಿದ್ದು. ಈಗ ನೀನೂ ನನ್ನನ್ನು ಮುಂದೆ ನಿಲ್ಲಿಸಿ ಹಿಂದೆ ಇರುತ್ತೇನೆ ಅನ್ನುತ್ತೀಯ. ನಾನು ಯಾರ ಹಿಂದೆ ನಿಲ್ಲಲಿ?

ಅಕ್ಕ

ನವೆಂಬರ್ ೭

ಅಕ್ಕ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆ ನೆಲ ಕಣ್ಣಿಗೆ ಕಟ್ಟಿದ ಹಾಗಿದೆ. ಅದರ ಮೇಲೆ ನಾನು ಬರಿಗಾಲಲ್ಲಿ ನಡೆದು ಆಡಲು ಹೋಗುತ್ತಿದ್ದೆ.

ಇವತ್ತು ಕ್ಲಾಸಿನಲ್ಲಿ ನರ್ಸಮ್ಮನನ್ನು ಎಬ್ಬಿಸಿ, ಅಂದು ಕೇಳಿದ ಪ್ರಶ್ನೆಗೆ ಈಗ ಉತ್ತರ ಗೊತ್ತಾಯಿತು, ಆದರೆ ಹೇಳಲಾರೆ ಎಂದೆ. ಅವರು "ನನಗೆ ಗೊತ್ತಿತ್ತು ಸಾರ್, ಕೂತ್ಕೊಳ್ಳಿ" ಎಂದರು. ಮೇಷ್ಟ್ರಿಗೇ ಕೂತುಕೊಳ್ಳಿ ಎಂದರು. ಕೂತೆ.

ನೀನು ಕೇಳಿದ್ದ ಕಾಗದವನ್ನು ಬರೆದು ಇದರ ಜೊತೆ ಇಟ್ಟಿದ್ದೇನೆ. ಪ್ರತಿ ಸಾಲಿನಲ್ಲೂ ದಯವಿಟ್ಟು ಇದೆ. ಇಂಗ್ಲಿಷಿನಲ್ಲಿ ಇಷ್ಟು ಅಂಗಲಾಚಿ ಬರೆಯಬಹುದೆಂದು ನನಗೇ ಗೊತ್ತಿರಲಿಲ್ಲ. ಕೊಡಬೇಕೆನಿಸಿದರೆ ಕೊಡು. ಬೇಡವೆನಿಸಿದರೆ ಎಲ್ಲ ಬಿಟ್ಟು ಇಲ್ಲಿಗೆ ಬಾ. ಒಂದೇ ಕೋಣೆ, ಆದರೆ ಕಿಟಕಿ ಬೀದಿಗೆ ತೆರೆಯುತ್ತದೆ. ನಾನು ಗೊರಕೆ ಹೊಡೆಯುತ್ತೇನಂತೆ, ಪಕ್ಕದ ಮನೆಯವರ ದೂರು.

ಯಜಮಾನರ ಹತ್ತಿರ ನಾನೇ ಹೋದೆ. ಸೀಮೆಸುಣ್ಣ ಅನ್ನಲಿಲ್ಲ. ಸರ್ಟಿಫಿಕೇಟು ಕೊಡಿ ಎಂದೆ, ಅಳುತ್ತಾ ಎಂದೆ. ಕೊಡಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.

ಇನ್ನು ಮೇಲೆ ನೀನು ನನ್ನ ಹಿಂದೆ ನಿಲ್ಲು. ನಾನು ಅಷ್ಟೇನೂ ಅಗಲವಿಲ್ಲ, ಆದರೂ ನಿಲ್ಲು.

ತಮ್ಮ

ನವೆಂಬರ್ ೨೧

ಮರಿ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಮ್ಯಾನೇಜರ ಕೋಣೆಗೆ ಹೋದೆ, ಕೊಡಲಿಲ್ಲ. ನಮ್ಮ ಮಾತಿನಲ್ಲೇ ಹೇಳಿದೆ. "ನನಗೆ ಆಗೋದಿಲ್ಲ ಸಾರ್. ನನಗೆ ಭಯ ಆಗುತ್ತೆ. ಮೊದಲಿಂದಲೂ ಭಯ ಆಗ್ತಿತ್ತು" ಎಂದೆ. ಅವರು ನಕ್ಕರು. "ನಿಮಗೆ ಭಯನಾ? ಸುಸ್ತಾಗಿದೀರಾ, ಎರಡು ದಿನ ರಜೆ ತಗೊಳ್ಳಿ" ಎಂದರು. ಸೂಜಿಯ ವಿಷಯ ಎತ್ತಿದರೆ ಫೈಲು ನೋಡತೊಡಗಿದರು.

ಸೊಂಟದಿಂದ ಕೀಲಿ ಗೊಂಚಲು ತೆಗೆದು ಅವರ ಮೇಜಿನ ಮೇಲಿಟ್ಟೆ. ನನ್ನ ಕೈ ನಡುಗಿ ಕೀಲಿಗಳು ಗಲಗಲ ಎಂದವು. ಅವರು ಕೈ ನೋಡಲಿಲ್ಲ. ನಾನು ಹೊರಗೆ ಬರುವಾಗ ಹಿಂದಿನಿಂದ ಅಕೌಂಟ್ಸಿನವರಿಗೆ ಅದೇ ಪದ ಹೇಳಿದ್ದು ಕೇಳಿಸಿತು. ಹೇಳಿಕೊಳ್ಳಲಿ. ಈ ಸಲ ನಿನ್ನನ್ನು ಅರ್ಥ ಕೇಳುವುದಿಲ್ಲ.

ಗೇಟಿನಲ್ಲಿ ನನ್ನ ಚೀಲವನ್ನೂ ಮೇಜಿನ ಮೇಲೆ ಬಿಚ್ಚಿ ತೋರಿಸಿದೆ. ಸೂಜಿಯ ಕತ್ತರಿ ಅವಳ ಮೇಜಿನಲ್ಲೇ ಉಳಿದಿತ್ತು, ಅದು ಹೋಟೆಲಿನದಲ್ಲ, ಅವಳದೇ. ಕಾವಲಿನವನಿಗೆ ಹೇಳಿ ತಂದೆ. ಅಲ್ಲಿಂದ ನೇರ ಅವಳ ಮನೆಗೆ. ದಾರಿಯಲ್ಲಿ ಅಳು ಶುರುವಾಯಿತು. ಬೀದಿಯಲ್ಲಿ, ಎಲ್ಲರೂ ನೋಡುವ ಹಾಗೆ, ನಿಲ್ಲಿಸಲು ಬಾರದ ಅಳು. ಅವಳು ಬಾಗಿಲು ಅರ್ಧ ತೆಗೆದಳು, ಕತ್ತರಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನಿನ್ನ ಮೂಗು ನೋಡೇ, ಹೇಗೆ ಕೆಂಪಾಗಿದೆ" ಎಂದಳು. ಆಮೇಲೆ "ಒಳಗೆ ಬಾ" ಎಂದಳು. ಮೇಡಂ ಅನ್ನಲಿಲ್ಲ.

ಅವಳು ಈಗ ಬೀದಿ ಕೊನೆಯ ದರ್ಜಿಯಂಗಡಿಯಲ್ಲಿ ಗುಂಡಿ ಹೊಲಿಯುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳಲಿಲ್ಲ. ಟೀ ಕೊಟ್ಟಳು. ಬಿಸ್ಕೆಟ್ ಇರಲಿಲ್ಲ.

ಶನಿವಾರದ ರೈಲಿಗೆ ಬರುತ್ತಿದ್ದೇನೆ. ಮುಂದೇನು ಎಂದು ನನಗೂ ಗೊತ್ತಿಲ್ಲ. ಸ್ಟೇಷನ್ನಿನಲ್ಲಿ ಅಷ್ಟು ಜನರ ನಡುವೆ ನನ್ನ ಮುಖ ಕಲ್ಲಿನ ಹಾಗೆ ಕಂಡರೆ, ಅಕ್ಕ ಎಷ್ಟು ಗಟ್ಟಿ ಎಂದು ದೂರದಲ್ಲೇ ನಿಂತು ನೋಡಬೇಡ. ಹೆದರಿದ್ದಾಳೆ ಎಂದು ತಿಳಿದುಕೊಂಡು ಬೇಗ ಬಂದು ಕೈ ಹಿಡಿದುಕೋ.

ನಿನ್ನ ಅಕ್ಕ